ಫುಟ್‌ಬಾಲ್ ಪ್ರಸಾರ ಹಕ್ಕು ಮತ್ತು ಸ್ಥಳೀಯ ರೇಡಿಯೊ

ವೃತ್ತಿಪರ ಫುಟ್‌ಬಾಲ್ ಪಂದ್ಯದ ವೀಕ್ಷಕ ವಿವರಣೆಯನ್ನು ಊರಿನ ರೇಡಿಯೊ ಕೇಂದ್ರ ಎಷ್ಟು ಹೊತ್ತು, ಯಾವ ದಾರಿಯಲ್ಲಿ, ಯಾರಿಗೆ ಕೇಳಿಸಬಹುದು ಎಂದು ಲೀಗ್ ಮತ್ತು ಕ್ಲಬ್‌ಗಳು ಗೊತ್ತುಮಾಡುವ ಕರಾರುಗಳಿಗೆ ಸಂಬಂಧಿಸಿದ ವಿಷಯ. ಟಿವಿ ಹಕ್ಕಿನ ಮೊತ್ತದ ಮುಂದೆ ರೇಡಿಯೊ ಹಕ್ಕಿನದು ಚಿಲ್ಲರೆ ಹಣ. ಆದರೂ ರೇಡಿಯೊ ಹಕ್ಕಿನ ತಕರಾರು ಟಿವಿ ಹಕ್ಕಿನದಕ್ಕಿಂತ ಹಳೆಯದು.

ಇಂಗ್ಲೆಂಡಿನಲ್ಲಿ ಲೀಗ್ ಪಂದ್ಯವೊಂದರ ಮೊದಲ ನೇರ ವಿವರಣೆ ಬಿತ್ತರವಾದದ್ದು 1927ರ ಜನವರಿ 22ರಂದು, ಲಂಡನ್ನಿನ ಹೈಬರಿ ಮೈದಾನದಿಂದ. ಆಡಿದವರು ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್, ವಿವರಣೆ ಬಿಬಿಸಿಯ ಟೆಡ್ಡಿ ವೇಕ್‌ಲಮ್ ಅವರದು. 'ರೇಡಿಯೊ ಟೈಮ್ಸ್' ಪತ್ರಿಕೆ ಮೈದಾನವನ್ನು ಎಂಟು ಚೌಕಗಳಾಗಿ ಗುರುತಿಸಿದ ನಕ್ಷೆ ಅಚ್ಚುಹಾಕಿತ್ತು. ವೇಕ್‌ಲಮ್ ಮಾತಿನ ನಡುವೆ ಇನ್ನೊಂದು ದನಿ ಚೆಂಡಿರುವ ಚೌಕದ ಸಂಖ್ಯೆಯನ್ನು ಹೇಳುತ್ತಿತ್ತು, ಕೇಳುಗರು ನಕ್ಷೆ ನೋಡಿಕೊಳ್ಳುತ್ತಿದ್ದರು. ಮನೆಯಲ್ಲೇ ಆಟ ಸಿಕ್ಕರೆ ಟಿಕೆಟ್ ಕೊಳ್ಳುವವರಾರು ಎಂಬ ದಿಗಿಲು ಕ್ಲಬ್‌ಗಳಿಗೆ ಹತ್ತಿತು. 1931ರಲ್ಲಿ ಫುಟ್‌ಬಾಲ್ ಲೀಗ್ ತನ್ನ ಪಂದ್ಯಗಳ ಪ್ರಸಾರವನ್ನೇ ನಿಷೇಧಿಸಿತು. ಎರಡನೆಯ ಮಹಾಯುದ್ಧದ ನಂತರ ಪ್ರಸಾರ ಮರಳಿ ಬಂದರೂ ಬಹುಕಾಲ ದ್ವಿತೀಯಾರ್ಧಕ್ಕಷ್ಟೇ ಅವಕಾಶವಿತ್ತು.

ಕಣ್ಣಿಗೆ ಕಂಡದ್ದನ್ನು ಹೇಳಲು ಯಾರ ಅಪ್ಪಣೆ ಬೇಕು? ಈ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು: ಸಿಡ್ನಿಯ ವಿಕ್ಟೋರಿಯಾ ಪಾರ್ಕ್ ಕುದುರೆ ರೇಸ್ ಮೈದಾನದ ಪಕ್ಕದ ಮನೆಯಂಗಳದಲ್ಲಿ ಅಟ್ಟಣಿಗೆ ಕಟ್ಟಿ, ಅಲ್ಲಿಂದಲೇ ಓಟದ ವಿವರ ಬಿತ್ತರಿಸಿದ ರೇಡಿಯೊ ಕೇಂದ್ರದ ಮೇಲೆ ಮೊಕದ್ದಮೆ ಹೂಡಲಾಗಿತ್ತು. 1937ರಲ್ಲಿ ಆಸ್ಟ್ರೇಲಿಯದ ಹೈಕೋರ್ಟು, ಮೂವರು–ಇಬ್ಬರ ಬಹುಮತದಿಂದ, ನೋಟಕ್ಕೆ ಒಡೆತನವಿಲ್ಲ ಎಂದಿತು. ಹಾಗಾಗಿ ಸಂಘಟಕರ ಕೈಯಲ್ಲಿ ಉಳಿಯುವ ಗಟ್ಟಿ ಹಿಡಿತವೆಂದರೆ ಮೈದಾನದ ಬಾಗಿಲು. ಜರ್ಮನಿಯಲ್ಲಿ ಅದೇ ಬಾಗಿಲಿನ ವ್ಯಾಜ್ಯ ನಡೆಯಿತು. ಕ್ರೀಡಾಂಗಣದಿಂದ ನೇರ ವಿವರಣೆ ಕೊಡಲು ಶುಲ್ಕ ಕೇಳಿದ್ದನ್ನು ರೇಡಿಯೊ ಹ್ಯಾಂಬರ್ಗ್ ಎಂಬ ಖಾಸಗಿ ಕೇಂದ್ರ ಮಾಧ್ಯಮ ಸ್ವಾತಂತ್ರ್ಯದ ಹೆಸರಿನಲ್ಲಿ ಪ್ರಶ್ನಿಸಿತು. ಜಾಗದ ಯಜಮಾನಿಕೆ ಕ್ಲಬ್‌ಗಳದ್ದು, ಒಳಬಿಡಲು ಅವು ಹಣ ಕೇಳಬಹುದು ಎಂದು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2005ರ ನವೆಂಬರ್ 8ರಂದು ತೀರ್ಪಿತ್ತಿತು. ವರದಿಗಾರ ಆಡುವ ಮಾತು ಅವನದೇ ಎಂಬ ವಾದದಲ್ಲಿ ಹುರುಳಿತ್ತು, ಗೆಲುವು ಮಾತ್ರ ದಕ್ಕಲಿಲ್ಲ.

ಇಂಟರ್ನೆಟ್ ಬಂದ ಮೇಲೆ ಹೊಸ ತೊಡಕು. ಎಫ್‌ಎಂ ತರಂಗ ಜಿಲ್ಲೆ ದಾಟುವುದು ಕಷ್ಟ, ಆನ್‌ಲೈನ್ ಪ್ರಸಾರಕ್ಕೆ ಆ ಮಿತಿಯಿಲ್ಲ. ಇಂಗ್ಲೆಂಡಿನ ಕೆಳ ದರ್ಜೆಯ ಲೀಗ್‌ಗಳ ಪಂದ್ಯ ಬಿಬಿಸಿಯ ಸ್ಥಳೀಯ ಕೇಂದ್ರದಲ್ಲಿ ಮೊಳಗುತ್ತಿದ್ದಾಗಲೇ, ಬಹಳ ವರ್ಷ, ಅದರ ಆನ್‌ಲೈನ್ ವಾಹಿನಿಯಲ್ಲಿ ಬೇರೇನೋ ಕಾರ್ಯಕ್ರಮ ಬರುತ್ತಿತ್ತು. ಊರು ಬಿಟ್ಟ ಅಭಿಮಾನಿ 2017ರಲ್ಲಿ ಶುರುವಾದ ಐಫಾಲೋದಂಥ ಆನ್‌ಲೈನ್ ಸೇವೆಗೆ ಚಂದಾ ಕಟ್ಟಬೇಕಿತ್ತು. ಹಲವು ಕ್ಲಬ್‌ಗಳ ವಿಷಯದಲ್ಲಿ ಅಲ್ಲಿ ಕೇಳುತ್ತಿದ್ದುದೂ ಅದೇ ಬಿಬಿಸಿ ವಿವರಣೆಯೇ. ಒಂದೇ ಕೇಂದ್ರದ ವ್ಯಾಪ್ತಿಯಲ್ಲಿ ಎರಡು ಮೂರು ಕ್ಲಬ್‌ಗಳಿದ್ದರೆ ಒಂದರ ಆಟ ಎಫ್‌ಎಂನಲ್ಲಿ, ಇನ್ನೊಂದರದು ಮಧ್ಯಮ ತರಂಗದಲ್ಲಿ ಬರುತ್ತಿತ್ತು. 2018ರಲ್ಲಿ ಬಿಬಿಸಿ ಕೆಲವು ಸ್ಥಳೀಯ ಮಧ್ಯಮ ತರಂಗ ಪ್ರೇಷಕಗಳನ್ನು ಮುಚ್ಚಿದ್ದರಿಂದ ಈ ಅನುಕೂಲವೂ ಕುಗ್ಗಿತು.

ಭಾರತದ ಕಾನೂನು ಬೇರೆ ದಿಕ್ಕಿನದು. 2007ರ ಕಾಯ್ದೆಯಂತೆ ರಾಷ್ಟ್ರೀಯ ಮಹತ್ವದ್ದೆಂದು ಅಧಿಸೂಚಿತವಾದ ಕ್ರೀಡೆಗಳ ಪ್ರಸಾರವನ್ನು ಹಕ್ಕುದಾರರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಜಾಹೀರಾತು ಆದಾಯದಲ್ಲಿ ಹಕ್ಕುದಾರರ ಕನಿಷ್ಠ ಪಾಲು ಟಿವಿಗೆ ಶೇ. 75, ರೇಡಿಯೊಗೆ ಶೇ. 50. ಖಾಸಗಿ ಎಫ್‌ಎಂ ಕೇಂದ್ರಗಳಿಗೆ 2011ರ ನೀತಿ ಸ್ಥಳೀಯ ಸ್ವರೂಪದ ಪಂದ್ಯಗಳ ನೇರ ವಿವರಣೆಗಷ್ಟೇ ಅವಕಾಶ ಕೊಟ್ಟಿತು.