ಬೆಂಕಿಯ ಒಡೆಯನ ಎದುರು ನಾನು ಹೇಳಿದ ಒಂದು ಸುಳ್ಳು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೈನಲ್ಲಿ ನಿಂತ್ಕೊಂಡು ಓದ್ತೀವಿ ಅನ್ನೋರಿಗಾಗಿ ಈ ವಾರದ ಮಾತು ಬರಹದಲ್ಲಿ.

2020ರ ಬೇಸಿಗೆ, ಲಾಕ್‌ಡೌನ್. ಚೆಂಬೂರಿನ ನನ್ನ ಒಂದು ರೂಮಿನ ಮನೆ. ಕಿಟಕಿ ತೆಗೆದರೆ ದೂರದಲ್ಲಿ ಮಾಹುಲ್ ಕಡೆಯ ರಿಫೈನರಿ ಚಿಮಣಿಯ ತುದಿಯಲ್ಲಿ ಬೆಂಕಿ ಕಾಣ್ತಿತ್ತು. ಕಿಟಕಿಯ ಈಚೆ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಬೆಂಕಿ: ರಾಗ್ನರೋಸ್. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಲಾವಾ ಕೆರೆಯಿಂದ ಸೊಂಟದವರೆಗೆ ಎದ್ದು ನಿಲ್ಲುವ, ಕೈಯಲ್ಲಿ ದೊಡ್ಡ ಸುತ್ತಿಗೆ ಹಿಡಿದ ಬೆಂಕಿಯ ಒಡೆಯ.

ಆಟ ಬಂದದ್ದು 2004ರ ನವೆಂಬರಿನಲ್ಲಿ. ಇವನನ್ನು ಯಾರಾದರೂ ಮೊದಲ ಸಲ ಸೋಲಿಸಿದ್ದು 2005ರ ಏಪ್ರಿಲ್‌ನಲ್ಲಿ, ಅಂದ್ರೆ ಐದು ತಿಂಗಳ ನಂತರ. 40 ಜನ ಒಟ್ಟಿಗೆ ಆಡಬೇಕು. 2019ರ ಆಗಸ್ಟ್‌ನಲ್ಲಿ ಹಳೇ ಆಟವನ್ನೇ ಮತ್ತೆ ಬಿಟ್ಟಾಗ ಪಳಗಿದವರು ಒಂದೇ ವಾರದಲ್ಲಿ ಮುಗಿಸಿದರು. ನಮ್ಮದು ಹೊಸ ಗುಂಪು. ಯುರೋಪಿನ ಸರ್ವರ್, ಆಟ ಶುರುವಾಗೋದು ನಮ್ಮ ರಾತ್ರಿ ಹನ್ನೊಂದೂವರೆಗೆ. 40ರಲ್ಲಿ ಕನ್ನಡದವರು ಐದು ಜನ: ಚೆಂಬೂರಲ್ಲಿ ನಾನು, ಪುಣೆಯಲ್ಲಿ ಇಬ್ಬರು, ಡಬ್ಲಿನ್‌ನಲ್ಲಿ ಇಬ್ಬರು.

ಈ ರಾಗ್ನರೋಸ್ ಎಲ್ಲಿಂದ ಬಂದ? ಹೆಸರಲ್ಲೇ ‘ರಾಗ್ನರೋಕ್’ ಇದೆ, ದೇವತೆಗಳ ಕೊನೆಗಾಲ. ನಾರ್ಸ್ ಪುರಾಣದಲ್ಲಿ ಆ ದಿನ ದಕ್ಷಿಣದಿಂದ ಬೆಂಕಿ ಹೊತ್ತು ಬರೋನು ಸುರ್ಟರ್. ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 1220ರ ಸುಮಾರಿಗೆ ಈ ಕಥೆಗಳನ್ನು ಗದ್ಯದಲ್ಲಿ ಬರೆದಿಟ್ಟ. ಸುರ್ಟರ್‌ನ ಕತ್ತಿ ಉರಿಯುತ್ತೆ, ಕೊನೆಗೆ ಅವನು ಇಡೀ ಲೋಕವನ್ನೇ ಸುಡುತ್ತಾನೆ. ಗಮನಿಸಿ, ಮೂಲ ಕಥೆಯಲ್ಲಿ ಈ ಬೆಂಕಿಯನ್ನು ಯಾರೂ ಸೋಲಿಸೋದಿಲ್ಲ.

ಈ ಭಯದ ಹಿಂದೆ ನಿಜವಾದ ಬೆಂಕಿಯೂ ಇತ್ತು. 870ರ ನಂತರ ಐಸ್‌ಲ್ಯಾಂಡಿಗೆ ಬಂದು ನೆಲೆಸಿದವರಲ್ಲಿ ತುಂಬಾ ಜನ ನಾರ್ವೆಯವರು. ಅವರ ಊರುಗಳಲ್ಲಿ ಜ್ವಾಲಾಮುಖಿ ಇರಲಿಲ್ಲ. ನಮ್ಮ ಹಾಗೇ ಬದುಕು ಹುಡುಕಿಕೊಂಡು ಬಂದವರು. ಬಂದ ಒಂದೆರಡು ತಲೆಮಾರಿನೊಳಗೆ ನೆಲ ಬಾಯಿಬಿಟ್ಟು ಲಾವಾ ಹರಿಯಿತು. ಆ ಲಾವಾದಲ್ಲಿ ಆದ ಉದ್ದದ ಗುಹೆಗೆ ಇಟ್ಟ ಹೆಸರು ಸುರ್ಟ್ಸ್‌ಹೆಲ್ಲಿರ್, ಸುರ್ಟರ್‌ನ ಗುಹೆ. ಅದರೊಳಗೆ ದೋಣಿ ಆಕಾರದಲ್ಲಿ ಜೋಡಿಸಿದ ಕಲ್ಲುಗಳು, ಸುಟ್ಟ ದನ-ಕುರಿಗಳ ಮೂಳೆಗಳು ಸಿಕ್ಕಿವೆ. ಬೆಂಕಿಯನ್ನು ಸಮಾಧಾನ ಮಾಡೋಕೆ ಕೊಟ್ಟ ಬಲಿ ಇರಬಹುದು ಅಂತ ಅಗೆದವರ ಅಭಿಪ್ರಾಯ. 1963ರಲ್ಲಿ ಸಮುದ್ರದೊಳಗಿಂದ ಲಾವಾ ಉಕ್ಕಿ ಹೊಸ ದ್ವೀಪವೇ ಎದ್ದಾಗಲೂ ಅದಕ್ಕೆ ಸುರ್ಟ್‌ಸೇ ಅಂತಲೇ ಹೆಸರಿಟ್ಟರು.

ಈಗ ನನ್ನ ಸುಳ್ಳಿಗೆ ಬರ್ತೀನಿ. ರಾಗ್ನರೋಸ್ ಹತ್ತಿರ ನಿಂತು ಹೊಡೆತ ತಿನ್ನೋಕೆ ಒಬ್ಬ ಟ್ಯಾಂಕ್ ಬೇಕು. ಆಗಾಗ ಅವನು ಹತ್ತಿರ ಇದ್ದವರನ್ನು ದೂರ ಎಸೀತಾನೆ. ಆಗ ಎರಡನೇ ಟ್ಯಾಂಕ್ ತಕ್ಷಣ ಆ ಜಾಗ ಹಿಡೀಬೇಕು. ಕೈಗೆ ಸಿಗೋ ದೂರದಲ್ಲಿ ಯಾರೂ ಇಲ್ಲದಿದ್ರೆ ಹಿಂದೆ ನಿಂತವರ ಮೇಲೆ ಬೆಂಕಿ ಉಂಡೆ ಬೀಳುತ್ತೆ. ಎರಡನೇ ಟ್ಯಾಂಕ್ ನಾನು. ಅದಕ್ಕೆ ಬೆಂಕಿ ತಡೆಯೋ ಕವಚ ಬೇಕು, ಕೂಡಿಸೋಕೆ ವಾರಗಟ್ಟಲೆ ಬೇಕು.

“ಗುರು, ಫೈರ್ ಗೇರ್ ಇದ್ಯಾ?” ಅಂತ ಡಬ್ಲಿನ್‌ನಿಂದ ಕೇಳಿದ.

“ಇದೆ ಇದೆ, ಆಗುತ್ತೆ ಬಿಡು” ಅಂದೆ. ಅರ್ಧ ಇತ್ತು ಅಷ್ಟೇ. ಆಫೀಸಲ್ಲಿ ರಿಲೀಸ್ ಹಿಂದಿನ ದಿನ ಹೇಳ್ತೀವಲ್ಲ, ಅದೇ ದನಿ.

ಮೊದಲ ಟ್ಯಾಂಕ್ ಹಾರಿಬಿದ್ದ. ನಾನು ಮುಂದೆ ಹೋದೆ, ಕೆಲವೇ ಸೆಕೆಂಡಲ್ಲಿ ಸತ್ತೆ. ಆಮೇಲೆ ಹಿಂದಿನವರು ಒಬ್ಬೊಬ್ಬರಾಗಿ ಬಿದ್ದರು. ಎರಡು ರಾತ್ರಿ ಹೀಗೇ ಹೋಯ್ತು. ನೆಟ್ ಸರಿ ಇಲ್ಲ ಅಂದೆ. ಎಲ್ಲರೂ ನಂಬಿದರು. ಪುಣೆಯವನಿಗೆ ಆ ತಿಂಗಳಷ್ಟೇ ಕೆಲಸ ಹೋಗಿತ್ತು, ಇದೊಂದೇ ಅವನಿಗೆ ನಗು. “ಪಾಪ, ನಿನ್ನ ನೆಟ್‌ದೇ ಕಾಟ ಕಣೋ” ಅಂತ ಅವನೇ ನನಗೆ ಸಮಾಧಾನ ಹೇಳಿದ. ಅದು ಚುಚ್ಚಿತು.

ಸುರ್ಟರ್ ಬಗ್ಗೆ ಓದೋಕೆ ಕೂತದ್ದು ಆ ವಾರವೇ. ಕೊನೆಯ ದಿನ ಅವನ ಎದುರು ನಿಲ್ಲೋ ದೇವತೆ ಫ್ರೇರ್. ಅವನ ಹತ್ತಿರ ಒಳ್ಳೇ ಕತ್ತಿ ಇತ್ತು. ಗೆರ್ಡ್ ಎಂಬವಳನ್ನು ಒಪ್ಪಿಸಿ ಕರೆತರೋಕೆ ಹೋದ ಸೇವಕನಿಗೆ ಅದನ್ನು ಕೊಟ್ಟುಬಿಟ್ಟಿದ್ದ. ಕತ್ತಿ ಇಲ್ಲದೆ ಹೋದ, ಸತ್ತ.

ಆಗ ನೆನಪಾಗಿದ್ದು ನಮ್ಮ ಖಾಂಡವದಹನ, ಮಹಾಭಾರತದ ಆದಿಪರ್ವದ ಕೊನೆ. ಅಲ್ಲಿ ಅರ್ಜುನ ಬೆಂಕಿಯ ಕಡೆಗೇ ನಿಂತವನು, ಎದುರಾಳಿ ಇಂದ್ರ. ಆದರೆ ಒಪ್ಪಿಕೊಂಡ ಮೇಲೆ ಅವನು ಅಗ್ನಿಗೆ ಮೊದಲು ಹೇಳೋದೇನು? ಈ ಕೆಲಸಕ್ಕೆ ತಕ್ಕ ಬಿಲ್ಲು ನನ್ನ ಹತ್ತಿರ ಇಲ್ಲ, ರಥವೂ ಇಲ್ಲ. ಅಗ್ನಿ ವರುಣನನ್ನು ಕರೀತಾನೆ, ಗಾಂಡೀವ ಬರುತ್ತೆ. ಅಷ್ಟು ದೊಡ್ಡ ವೀರ, ‘ಇಲ್ಲ’ ಅನ್ನೋಕೆ ನಾಚಲಿಲ್ಲ. ಇಲ್ಲ ಅಂದಿದ್ದಕ್ಕೇ ಸಿಕ್ಕಿತು.

ಮುಂದಿನ ವಾರ ಆಟ ಶುರುವಾಗೋ ಮುಂಚೆ ಹೇಳಿಬಿಟ್ಟೆ: ನೆಟ್ ಅಲ್ಲ, ಗೇರ್ ಇಲ್ಲ, ಸುಳ್ಳು ಹೇಳಿದ್ದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪುಣೆಯವನು ಆವತ್ತು ಬೇಗ ಲಾಗ್ ಆಫ್ ಆದ. ಮಾರನೇ ದಿನ ಅವನೇ ಫೋನ್ ಮಾಡಿ ಬೈದ, ಆಮೇಲೆ ಯಾವ ಕವಚ ಎಲ್ಲಿ ಸಿಗುತ್ತೆ ಅಂತ ಪಟ್ಟಿ ಕಳಿಸಿದ. ಮೂರು ವಾರ ಐದೂ ಜನ ಸೇರಿ ಕೂಡಿಸಿದೆವು. ನಾಲ್ಕನೇ ವಾರ ರಾತ್ರಿ ಒಂದೂವರೆಗೆ ರಾಗ್ನರೋಸ್ ಬಿದ್ದ. ನಾನು ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿಸಿತ್ತಂತೆ.

ಸಾವಿರ ವರ್ಷದ ಹಿಂದೆ ಈ ಬೆಂಕಿಗೆ ಬಲಿ ಕೊಟ್ಟರು, ಈಗ ಆಡಿ ಸೋಲಿಸ್ತೀವಿ. ಎರಡಕ್ಕೂ ತಯಾರಿ ಬೇಕು. ಊರು ಬಿಟ್ಟು ಬಂದ ನಮಗೆ ‘ಎಲ್ಲಾ ಆರಾಮ್’ ಅನ್ನೋದು ಅಭ್ಯಾಸ ಆಗಿಹೋಗಿದೆ, ಮ್ಯಾನೇಜರಿಗೂ ಅದೇ, ಅಮ್ಮನಿಗೂ ಅದೇ. ನಿಮ್ಮ ಹತ್ತಿರ ಇಲ್ಲದ ಕತ್ತಿ ಯಾವುದು? ಇವತ್ತು ಒಬ್ಬರಿಗಾದರೂ ಹೇಳಿ ನೋಡಿ.

ಮುಂದಿನ ವಾರ ಸಿಗೋಣ. ನಮಸ್ಕಾರ.