ಬಸ್ಸಲ್ಲಿ ‘ಫುಲ್ ರಶ್’: ಈ ಪದ ಎಲ್ಲಿಂದ ಬಂತು?

ಬೆಳಿಗ್ಗೆ ಎಂಟೂವರೆ. ಉಡುಪಿ ಸಿಟಿ ಬಸ್ ನಿಲ್ದಾಣದಿಂದ ಮಣಿಪಾಲಕ್ಕೆ ಹೊರಟಿದ್ದೀರಿ. ಫೋನ್ ಬರ್ತದೆ, ‘ಎಲ್ಲಿದ್ದಿ?’ ‘ಬಸ್ಸಲ್ಲಿ ಮಾರಾಯ, ಫುಲ್ ರಶ್ ಉಂಟು.’

ಇಂಗ್ಲಿಷಿನಲ್ಲಿ ರಶ್ ಅಂದ್ರೆ ಮುಖ್ಯವಾಗಿ ಅವಸರದಲ್ಲಿ ನುಗ್ಗುವುದು. ನಮ್ಮ ಬಾಯಲ್ಲಿ ಅದು ಜನಜಂಗುಳಿ. ಇದು ಹೇಗಾಯ್ತು?

ಇದರ ಬೇರು ಲ್ಯಾಟಿನ್‌ನ ‘ರೆಕುಸಾರೆ’. ಅರ್ಥ, ಒಲ್ಲೆ ಎನ್ನುವುದು. ಹಳೆಯ ಫ್ರೆಂಚಿನಲ್ಲಿ ಅದು ಹಿಂದಕ್ಕೆ ತಳ್ಳು, ಹಿಮ್ಮೆಟ್ಟಿಸು ಅಂತಾಯ್ತು. 14ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಅಲ್ಲಿ ತಳ್ಳುವುದು ಹೋಗಿ ಮುನ್ನುಗ್ಗುವುದು ಆಯ್ತು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಸಾವಿರಾರು ಮಂದಿ ಅಲ್ಲಿಗೆ ಓಡಿದರು. ಅದೇ ‘ಗೋಲ್ಡ್ ರಶ್’. ಓಟದ ಜೊತೆ ಗುಂಪೂ ಸೇರಿಕೊಂಡಿತು ನೋಡಿ. 19ನೇ ಶತಮಾನದ ಕೊನೆಗೆ ‘ರಶ್ ಅವರ್’ ಬಂತು. ನಾವು ಗುಂಪನ್ನು ಇಟ್ಟುಕೊಂಡೆವು, ಓಟವನ್ನು ಬಿಟ್ಟೆವು.

ಇಂಗ್ಲಿಷ್ ಮಾತ್ರ ಹೀಗೆ ಅಂತಲ್ಲ. ನಮ್ಮ ‘ಅವಸರ’ವನ್ನೇ ನೋಡಿ. ಸಂಸ್ಕೃತದಲ್ಲಿ ಅದು ಸಂದರ್ಭ, ಅವಕಾಶ. ಹಿಂದಿಯಲ್ಲಿ ಈಗಲೂ ಅದೇ ಅರ್ಥ. ಕನ್ನಡದಲ್ಲಿ ಗಡಿಬಿಡಿ, ತುಳುವಿನವರ ‘ಅಂಬೆರ್ಪು’.

ಆದರೆ ಓಟ ನಮ್ಮ ಬಸ್ಸಿನಿಂದ ನಿಜವಾಗಿ ಇಳಿದು ಹೋಗಿದೆಯಾ? 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯ್ತು. ಆಮೇಲೆ ಆ ಗುಡ್ಡಕ್ಕೆ ವಿದ್ಯಾರ್ಥಿಗಳು, ರೋಗಿಗಳು, ಕೆಲಸಗಾರರು ದಿನಾ ಹತ್ತುವಂತಾಯ್ತು. ಕಾರ್ಕಳದ ಬಸ್ಸೂ ಅದೇ ದಾರಿ. ಕಾಪು ಕಡೆಗೆ ಹೆದ್ದಾರಿ 66. ಹೆಚ್ಚಿನವು ಖಾಸಗಿ ಬಸ್ಸು, ಪ್ರತಿಯೊಂದಕ್ಕೂ ಪರ್ಮಿಟ್ಟಿನ ಟೈಮಿಂಗ್. ಸ್ವಲ್ಪ ತಡವಾದರೆ ಹಿಂದಿನ ಬಸ್ಸು ಬಂದು ಜನರನ್ನು ಹತ್ತಿಸಿಕೊಳ್ತದೆ. ಹಾಗಾಗಿ ಕಂಡಕ್ಟರ್ ಒಂದು ಕಾಲು ಒಳಗಿಟ್ಟವರನ್ನೂ ಎಳೆದುಕೊಂಡು ‘ರೈಟ್ ಪೋಯಿ’ ಅಂತಾರೆ. ಜನವೂ ಉಂಟು, ಅವಸರವೂ ಉಂಟು.

ಇಲ್ಲೇ ಪದದ ತೊಂದರೆ. ಫುಟ್‌ಬೋರ್ಡಿನಿಂದ ಯಾರಾದರೂ ಬಿದ್ದರೆ ನಾವು ‘ರಶ್ ಇತ್ತು’ ಅಂತ ಮುಗಿಸಿಬಿಡ್ತೇವೆ. ಜನ ಜಾಸ್ತಿ ಇದ್ದದ್ದು ಕಾರಣವಾದರೆ ಬಸ್ಸು ಹೆಚ್ಚು ಬೇಕು. ಅವಸರ ಕಾರಣವಾದರೆ ಟೈಮಿಂಗ್ ಸಡಿಲವಾಗಬೇಕು, ಬಾಗಿಲು ಮುಚ್ಚಿದ ಮೇಲೆ ಬಸ್ಸು ಹೊರಡಬೇಕು. ಎರಡಕ್ಕೂ ಮದ್ದು ಬೇರೆ ಬೇರೆ. ಒಂದೇ ಪದ ಹೇಳಿದರೆ ಯಾವ ಮದ್ದನ್ನೂ ಯಾರೂ ಕೇಳುವುದಿಲ್ಲ.

ನಾಳೆ ಬಸ್ಸು ಹತ್ತಿದಾಗ ಕಂಡಕ್ಟರ್ ‘ಹಿಂದೆ ಹೋಗಿ, ಹಿಂದೆ ಹೋಗಿ’ ಅಂತ ತಳ್ಳಿದರೆ ನೆನಪಿಡಿ, ಅದೇ ಆ ಪದದ ಹಳೆಯ ಫ್ರೆಂಚ್ ಅರ್ಥ. ಆರುನೂರು ವರ್ಷ ಸುತ್ತಿ ಮಣಿಪಾಲದ ಬಸ್ಸಿಗೇ ಬಂತು. ಮುಂದಿನ ಸಂಚಿಕೆಯಲ್ಲಿ ಸಿಗುವ.