ಹುಮನಾಬಾದ್–ಮಾಣಿಕನಗರದಲ್ಲಿ ಮಕ್ಕಳ ಸೇವೆ: ಹೊರಡುವ ಯುವಜನರಿಗೆ ಮಾಹಿತಿ

ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಮಿಷನ್ ಭಾನುವಾರ ಹತ್ತಿರವಾದಂತೆ ಧರ್ಮಕೇಂದ್ರಗಳ ಯುವ ಸಂಘಟನೆಗಳಿಂದ ನಮಗೆ ಒಂದೇ ಪ್ರಶ್ನೆ ಬರುತ್ತದೆ. ಪರದೇಶಕ್ಕೆ ಹೋಗಿ ಬಡ ಮಕ್ಕಳ ನಡುವೆ ಕೆಲವು ದಿನ ಸೇವೆ ಮಾಡಬಹುದೇ? ಕೆನಡಾ, ಇಂಗ್ಲೆಂಡ್, ಗಲ್ಫ್‌ನಲ್ಲಿ ನೆಲೆಸಿರುವ ನಮ್ಮವರು ಇದನ್ನೇ ತಿರುಗಿಸಿ ಕೇಳುತ್ತಾರೆ: ರಜೆಗೆ ಊರಿಗೆ ಬರುವ ನಮ್ಮ ಮಕ್ಕಳನ್ನು ಎಲ್ಲಿಗಾದರೂ ಸೇವೆಗೆ ಕಳುಹಿಸಬಹುದೇ? ಎರಡಕ್ಕೂ ನಾವು ಸೂಚಿಸುವ ಊರು ಬೀದರ್ ಜಿಲ್ಲೆಯ ಹುಮನಾಬಾದ್. ಮಂಗಳೂರಿನಿಂದ ಅಲ್ಲಿಗೆ 600 ಕಿ.ಮೀ.ಗೂ ಹೆಚ್ಚು ದೂರ. ಕರಾವಳಿಯ ಯುವಕರಿಗೆ ಅದು ಅರ್ಧ ಪರದೇಶವೇ.

ಈ ನಾಡು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತುಗಳು ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮಗಳ ಸರಕಾರಿ ಶಾಲೆಗಳು ಜಿಲ್ಲೆಯಲ್ಲಿವೆ. ಕಥೊಲಿಕ ಧರ್ಮಸಭೆ ಇಲ್ಲಿ ಬಹಳ ಚಿಕ್ಕದು. 2005ರ ಜೂನ್ 24ರಂದು ಗುಲ್ಬರ್ಗ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅದಕ್ಕೆ ಮೊದಲಿನಿಂದಲೂ ಮಂಗಳೂರಿನ ಗುರುಗಳು ಬೀದರ್ ಮಿಷನ್‌ನಲ್ಲಿ ದುಡಿದಿದ್ದಾರೆ. ಹುಮನಾಬಾದ್‌ನಲ್ಲಿ ಕೇಂದ್ರವಿರುವ ಆರ್ಬಿಟ್ ಸಂಸ್ಥೆ ಸ್ವಸಹಾಯ ಸಂಘಗಳ ಮೂಲಕ ಹಳ್ಳಿಗಳಲ್ಲಿ ಪರಿಚಿತವಾಗಿದೆ.

ಹುಮನಾಬಾದ್‌ಗೆ ತಾಗಿದಂತೆಯೇ ಮಾಣಿಕನಗರವಿದೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು ಇಲ್ಲಿ ನೆಲೆಸಿ, 1865ರಲ್ಲಿ ಇಲ್ಲಿಯೇ ಸಮಾಧಿಸ್ಥರಾದರು. ಅವರ ಪರಂಪರೆಯ ಹೆಸರೇ ಸಕಲಮತ ಸಂಪ್ರದಾಯ. ಯಾವ ಮತವನ್ನೂ ಹಳಿಯಬಾರದೆಂಬುದು ಅದರ ತಿರುಳು. ನಿಜಾಮರ ಕಾಲದಲ್ಲೂ ಹಿಂದೂ ಮುಸ್ಲಿಮರಿಬ್ಬರೂ ಅಲ್ಲಿಗೆ ಬರುತ್ತಿದ್ದರು. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಗೆ ದೊಡ್ಡ ಉತ್ಸವ, ಸಂಗೀತ ದರಬಾರು ನಡೆಯುತ್ತವೆ. ಡಿಸೆಂಬರ್‌ನಲ್ಲಿ ಹೋಗುವ ತಂಡ ಪಂಚಾಂಗ ನೋಡಿ ದಿನ ಗೊತ್ತುಮಾಡಲಿ. ಉತ್ಸವದ ದಿನಗಳಲ್ಲಿ ಊರ ಮಕ್ಕಳು ಶಿಬಿರಕ್ಕೆ ಬರುವುದಿಲ್ಲ, ಬರಬೇಕೆಂದು ಬಯಸುವುದೂ ಸರಿಯಲ್ಲ.

ಮಾಣಿಕನಗರದಲ್ಲಿ ಅಂಧ ಮಕ್ಕಳ ವಸತಿಶಾಲೆಯಿದೆ. ಇಂಥ ಶಾಲೆಗೆ ಹೋಗಬಯಸುವವರು ಮುಂಚಿತವಾಗಿ ಅನುಮತಿ ಪಡೆದು ಅತಿಥಿಗಳಾಗಿ ಹೋಗಬೇಕು. ಯುವಜನರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಚಿತ್ರ ಬಿಡಿಸುವ ಸ್ಪರ್ಧೆಯ ಸಾಮಾನು ಹೊತ್ತು ಹೋದರೆ ಏನು ಪ್ರಯೋಜನ? ಮಗುವನ್ನು ಮುಟ್ಟುವ ಮೊದಲು ನಿಮ್ಮ ಹೆಸರು ಹೇಳಿ. ನಡೆಸಿಕೊಂಡು ಹೋಗುವಾಗ ಅದರ ಕೈ ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈ ಹಿಡಿಯಲು ಕೊಡಿ. ಎದ್ದು ಹೋಗುವಾಗ ಹೇಳಿ ಹೋಗಿ, ಇಲ್ಲವಾದರೆ ಮಗು ಖಾಲಿ ಕುರ್ಚಿಯೊಡನೆ ಮಾತಾಡುತ್ತಿರುತ್ತದೆ. ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಿಂದ ಇದೆಯಾದರೂ ಮಕ್ಕಳು ಓದಬಯಸುವ ಎಲ್ಲ ಪುಸ್ತಕಗಳೂ ಬ್ರೈಲ್‌ನಲ್ಲಿ ಸಿಗುವುದಿಲ್ಲ. ಆದ್ದರಿಂದ ಪಾಠಗಳನ್ನು ಸ್ಪಷ್ಟ ಕನ್ನಡದಲ್ಲಿ ಓದಿ ಧ್ವನಿಮುದ್ರಿಸಿ ಕೊಡುವುದು ನಿಜವಾದ ಸಹಾಯ. ಇದನ್ನು ಮನೆಯಲ್ಲೇ ಕುಳಿತು ವರ್ಷವಿಡೀ ಮಾಡಬಹುದು. ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನು ಬರೆಯುವವರೂ ಬೇಕು. ಆ ಕೆಲಸಕ್ಕೆ ಯಾರನ್ನು ಒಪ್ಪುತ್ತಾರೆ ಎಂಬ ನಿಯಮವನ್ನು ಆಯಾ ಶಾಲೆಯಲ್ಲೇ ಕೇಳಿಕೊಳ್ಳಬೇಕು.

ಮಕ್ಕಳಿಗಾಗಿ ಮಿಷನ್ ಎಂಬ ವಿಚಾರ ಧರ್ಮಸಭೆಯಲ್ಲಿ ಹಳೆಯದು. 1843ರಲ್ಲಿ ಫ್ರಾನ್ಸಿನ ನಾನ್ಸಿಯ ಧರ್ಮಾಧ್ಯಕ್ಷ ಫೋರ್ಬಾನ್-ಜಾನ್ಸೋನ್ ಅವರು, ಮಕ್ಕಳೇ ಮಕ್ಕಳಿಗೆ ನೆರವಾಗಲಿ ಎಂದು ಪವಿತ್ರ ಬಾಲ್ಯ ಸಂಘವನ್ನು ಆರಂಭಿಸಿದರು. 2019ರ ಮಾರ್ಚ್ 25ರ ‘ಕ್ರಿಸ್ತುಸ್ ವಿವಿತ್’ ಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಅವರು ರಜಾಕಾಲದ ಯುವ ಮಿಷನ್‌ಗಳನ್ನು ಮೆಚ್ಚಿ ಬರೆದಿದ್ದಾರೆ. ಆದರೆ ಸಿದ್ಧತೆಯ ಅವಧಿಯ ನಂತರ ನಡೆಯುವ ಮಿಷನ್‌ಗಳು ಎಂಬ ಮಾತನ್ನೂ ಅಲ್ಲಿ ಸೇರಿಸಿದ್ದಾರೆ. ನಮ್ಮಲ್ಲಿ ಬಸ್ಸು ಗೊತ್ತುಮಾಡಿ ಟೀಶರ್ಟ್ ಹೊಲಿಸುವುದೇ ಸಿದ್ಧತೆಯಾಗಿಬಿಟ್ಟಿದೆ.

ಸಿದ್ಧತೆಯಲ್ಲಿ ಮೊದಲಿನದು ಮಕ್ಕಳ ಸುರಕ್ಷತೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಶಿಬಿರದ ಮುಖ್ಯಸ್ಥರಿಗೆ ಹೇಳಿ ಸುಮ್ಮನಾಗುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಸಂಖ್ಯೆ ತಂಡದ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಲಿ. ಯಾವ ಸ್ವಯಂಸೇವಕನೂ ಒಂದು ಮಗುವಿನೊಂದಿಗೆ ಒಂಟಿಯಾಗಿ ಕೋಣೆಯಲ್ಲಿರಬಾರದು. ಫೋಟೋ ವಿಷಯದಲ್ಲೂ ಎಚ್ಚರ ಬೇಕು. ಹರಕು ಅಂಗಿಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಚಿತ್ರಗಳನ್ನು ಹಿಂದೆ ನಾವೂ ಹಾಕಿದ್ದುಂಟು. ಅದು ನಮ್ಮ ತಪ್ಪು. ಆ ಮಗುವಿನ ತಂದೆತಾಯಿಯನ್ನು ಯಾರೂ ಕೇಳಿರಲಿಲ್ಲ. ಈಗ ಹೆತ್ತವರ ಒಪ್ಪಿಗೆಯಿಲ್ಲದ ಚಿತ್ರವನ್ನು ಸ್ವೀಕರಿಸುವುದಿಲ್ಲ.

ಪರದೇಶದಿಂದ ಬರುವ ಯುವಜನರಿಗೆ ಇನ್ನೊಂದು ಮಾತು. ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಪ್ರಚಾರದ ಕೆಲಸ ಮಾಡುವಂತಿಲ್ಲ, ಅದಕ್ಕೆ ಪ್ರತ್ಯೇಕ ಮಿಷನರಿ ವೀಸಾ ಇದೆ. ಓಸಿಐ ಕಾರ್ಡ್ ಇದ್ದರೆ ಎಲ್ಲವೂ ಆಯಿತು ಎಂದು ನಮ್ಮ ಜನ ತಿಳಿದಿದ್ದಾರೆ. ಹಾಗಲ್ಲ. 2021ರ ಮಾರ್ಚ್‌ನ ಕೇಂದ್ರ ಸರಕಾರದ ಅಧಿಸೂಚನೆಯಂತೆ ಮಿಷನರಿ ಚಟುವಟಿಕೆಗೆ ಅವರೂ ವಿಶೇಷ ಅನುಮತಿ ಪಡೆಯಬೇಕು. ಅನ್ಯಮತದ ಮಕ್ಕಳು ಸೇರುವ ಶಿಬಿರ ಧರ್ಮೋಪದೇಶದ ತರಗತಿಯಲ್ಲ ಎಂಬುದನ್ನು ಊರಿನವರೂ ಪರದೇಶದವರೂ ಮನಸ್ಸಿನಲ್ಲಿಡಲಿ. ನಿಮ್ಮ ಒಂದು ಅವಸರದ ಮಾತಿನ ಫಲವನ್ನು ನೀವು ಹೊರಟ ಮೇಲೆ ಅನುಭವಿಸುವವರು ಅಲ್ಲಿನ ಗುರುಗಳು, ಧರ್ಮಭಗಿನಿಯರು ಮತ್ತು ಬೆರಳೆಣಿಕೆಯ ಕ್ರೈಸ್ತ ಕುಟುಂಬಗಳು.

ಕಾಲದ ಆಯ್ಕೆಯಲ್ಲಿ ಕಾಲೇಜಿನ ರಜೆಯನ್ನಷ್ಟೇ ನೋಡಬೇಡಿ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ದುಡಿಮೆಗಾಗಿ ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ಊರಲ್ಲಿರುವುದೂ ಇಲ್ಲ. ದಸರಾ ರಜೆ ಮೇಲು. ಗುಳೆ ಹೋಗಿಬಂದ ಮಗು ಹೆಚ್ಚಾಗಿ ಓದು ಲೆಕ್ಕಗಳಲ್ಲಿ ಹಿಂದೆ ಬಿದ್ದಿರುತ್ತದೆ. ಆದ್ದರಿಂದ ಇಂಗ್ಲಿಷ್ ಆ್ಯಕ್ಷನ್ ಸಾಂಗ್‌ಗಿಂತ ದಿನಕ್ಕೆ ಎರಡು ಗಂಟೆ ಜೊತೆಗೆ ಕುಳಿತು ಓದಿಸುವುದು ಲೇಸು. ಏನು ಕಲಿಸಬೇಕೆಂಬುದನ್ನು ಅಲ್ಲಿನ ಶಿಕ್ಷಕರೇ ಹೇಳಲಿ. 40 ಜನರ ದಂಡಿಗಿಂತ ಎಂಟು ಹತ್ತು ಮಂದಿ ಸಾಕು. ಅದೇ ಎಂಟು ಮಂದಿ ಮರುವರ್ಷವೂ ಹೋಗುವುದಾದರೆ ಇನ್ನೂ ಒಳ್ಳೆಯದು, ಏಕೆಂದರೆ ‘ಅಕ್ಕಾ, ಮತ್ತ ಯಾವಾಗ ಬರ್ತೀರಿ?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬರುವುದು ಖಚಿತವಿಲ್ಲದಿದ್ದರೆ ಬರುತ್ತೇವೆ ಎನ್ನಬೇಡಿ.

ಊಟಕ್ಕೆ ಜೋಳದ ರೊಟ್ಟಿ, ತೊಗರಿ ಬೇಳೆ. ಕುಚ್ಚಲಕ್ಕಿ, ಮೀನು ಕೇಳಿ ಆತಿಥೇಯರನ್ನು ಪೇಚಿಗೆ ಸಿಲುಕಿಸಬೇಡಿ. 2017ರಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲುಮಾರ್ಗದಲ್ಲಿ ಹುಮನಾಬಾದ್ ನಿಲ್ದಾಣವಿದೆ, ಕಲಬುರಗಿಯಿಂದ ಬಸ್ಸೂ ಇದೆ. ಹೊರಡುವ ಎರಡು ತಿಂಗಳ ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳ ಮೂಲಕ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಪತ್ರ ಬರೆಯಿರಿ. ಟಿಕೆಟ್ ಮಾಡಿಸುವುದು ಅಲ್ಲಿಂದ ಉತ್ತರ ಬಂದ ಮೇಲೆ.